ಎಡ ಹೆಗಲು ಎತ್ತರದ ಕೋಟು

ಗಿರಾಕಿ ಬಾಗಿಲಲ್ಲಿ ಕಾಲಿಟ್ಟರೆ ಸಾಕು, ಟೈಲರ್ ಮಾಮನ ಬಲಗೈ ತಾನಾಗಿಯೇ ಫೋನಿನ ಕಡೆ ಹೋಗುತ್ತಿತ್ತು. ಬಟ್ಟೆ ಕತ್ತರಿಸುವ ಮೇಜಿನ ಮೂಲೆಯಲ್ಲಿದ್ದ ಹಳೇ ಕಾಲದ ಕಪ್ಪು ಫೋನು ಅದು. "ಹೇಳಿ ಸಾರ್... ಅಯ್ಯೋ, ಈ ವಾರ ಆಗಲ್ಲ ಸಾರ್. ದೊಡ್ಡೋರ ಬಟ್ಟೆನೇ ರಾಶಿ ಬಿದ್ದಿದೆ..." ಎಂದು ಒಂದೆರಡು ಮಾತಾಡಿ, ರಿಸೀವರ್ ಇಟ್ಟು, "ಬನ್ನಿ, ಉಸಿರಾಡೋಕೂ ಪುರುಸೊತ್ತಿಲ್ಲ, ಆದ್ರೂ ನಿಮಗೋಸ್ಕರ" ಎಂದು ಟೇಪು ಹಿಡಿಯುವುದು ಅವನ ಪದ್ಧತಿ. ಆ ಫೋನಿನ ಲೈನು ಸತ್ತು ಹದಿನಾಲ್ಕು ವರ್ಷವಾಗಿತ್ತು. ಅದು ಇಡೀ ಲೋಕದಲ್ಲಿ ತನಗೊಬ್ಬನಿಗೇ ಗೊತ್ತು ಎಂದು ಅವನು ನಂಬಿದ್ದ. ಮೋಸವೆಂದು ಅವನಿಗೆ ಎಂದೂ ಅನ್ನಿಸಿರಲಿಲ್ಲ. ಬಾಗಿಲಿಗೆ ಬಣ್ಣ ಹೊಡೆಸಿದ ಹಾಗೆ ಅದೂ ಅಂಗಡಿಗೊಂದು ಕಳೆ, ಅಷ್ಟೇ.

ಅವನ ಅಕ್ಕನ ಮಗಳು ಪುಟ್ಟಿ ಈ ಅಂಗಡಿಯಲ್ಲೇ ಬೆಳೆದವಳು. ಅಮ್ಮನ ಕೆಲಸ ಮುಗಿಯುವವರೆಗೆ ಮೇಜಿನ ಕೆಳಗೆ, ಬಟ್ಟೆ ಚೂರುಗಳ ಮೇಲೆ ಕೂತು ಶಾಲೆಯ ಲೆಕ್ಕ ಮಾಡುತ್ತಿದ್ದಳು. ಈಗ ಇಪ್ಪತ್ತೆರಡರ ಪ್ರಾಯ. ಹಿಪ್-ಹಾಪ್ ಹಾಡು ಕಟ್ಟಿ ವಿಡಿಯೋ ಮಾಡುತ್ತಾಳೆ. ಊರಿಗೆಲ್ಲ ಅವಳು 'ಗುಂಡುಸೂಜಿ'. ಹೆಸರಿಟ್ಟವನು ಮಾಮನೇ. ಅವನ ಪ್ರಕಾರ ಅವಳ ಹಾಡು, ಹಾಡೂ ಅಲ್ಲ ಮಾತೂ ಅಲ್ಲ, ಓಡುವ ಹೊಲಿಗೆ ಮಷೀನು. ಆದರೂ ಒಂದನ್ನೂ ಬಿಡದೆ ನೋಡುತ್ತಿದ್ದ, ಬಂದವರಿಗೆಲ್ಲ ತೋರಿಸುತ್ತಿದ್ದ.

ಹೊಸ ವಿಡಿಯೋಕ್ಕೆ ಬೇಕೆಂದು ಅವಳು ಒಂದು ಚಿನ್ನದ ಬಣ್ಣದ ಕೋಟು ಹೊಲಿಸಿದ್ದಳು. "ದೊಗಳೆ ಇರ್ಬೇಕು ಮಾಮ, ನಿನ್ನ ಅಳತೆಗೇ ಹೊಲಿ" ಎಂದಿದ್ದಳು. ಅವನು ಹಾಗೇ ಹೊಲಿದ. ಮೂವತ್ತು ವರ್ಷ ಮಷೀನಿಗೆ ಬಾಗಿ ಅವನ ಎಡ ಹೆಗಲು ಇಳಿದಿತ್ತು. ಅದನ್ನು ಮುಚ್ಚಲು ತನ್ನ ಎಲ್ಲ ಕೋಟುಗಳಿಗೂ ಎಡಗಡೆ ಒಂದು ಬೆರಳು ದಪ್ಪದ ಪ್ಯಾಡು ಕೊಡುತ್ತಿದ್ದ. ಕೈ ರೂಢಿಯಲ್ಲಿ ಇದಕ್ಕೂ ಕೊಟ್ಟ.

ವಿಡಿಯೋದಲ್ಲಿ ಪುಟ್ಟಿ ಬಣ್ಣದ ಮೀಸೆ ಬರೆದುಕೊಂಡು 'ದೊಡ್ಡಣ್ಣ'ನಾಗಿದ್ದಳು. ತೋಳಿನ ಮೇಲೆ ಬೇಕೆಂದೇ ಅಂಟಿಸಿದ ಬೆಲೆ ಚೀಟಿ ನೇತಾಡುವ ಆ ಕೋಟು, ಕೆಟ್ಟು ನಿಂತು ಬೇರೆ ಗಾಡಿ ಎಳೆದೊಯ್ಯುತ್ತಿರುವ ಕಾರಲ್ಲಿ ರಾಜನ ಠೀವಿ. ಕೈಯಲ್ಲಿ ಫೋನು ಹಿಡಿದು ಬೀದಿಯುದ್ದಕ್ಕೂ "ಎಲ್ರೂ ಗೊತ್ತು ನಂಗೆ, ಎಲ್ರೂ ಗೊತ್ತು ನಂಗೆ" ಎಂದು ಕೊಚ್ಚಿಕೊಳ್ಳುತ್ತಾ ನಡೆದರೆ, ಫೋನಿನ ತಂತಿ ಹಿಂದೆ ನೆಲ ಗುಡಿಸುತ್ತಾ ಬರುತ್ತಿತ್ತು. ಮಾಮ ಹೊಟ್ಟೆ ಹುಣ್ಣಾಗುವಂತೆ ನಕ್ಕ. "ಎಂಥಾ ಪೆದ್ದ ನೋಡೇ! ತಂತಿ ಎಲ್ಲಿದೆ ಅಂತಾನೇ ಗೊತ್ತಿಲ್ಲ ಅವನಿಗೆ!" ಎಂದು ಕಣ್ಣೊರೆಸಿಕೊಂಡ. ಪುಟ್ಟಿ ನಗಲಿಲ್ಲ. ಸುಮ್ಮನೆ ಅವನ ಮುಖವನ್ನೇ ನೋಡಿದಳು.

ಎರಡು ವಾರದ ಮೇಲೆ ಮುಖ ಸಪ್ಪೆ ಮಾಡಿಕೊಂಡು ಬಂದಳು.

"ಬಡಾಯಿ ಕೊಚ್ಚೋರನ್ನ ಗೇಲಿ ಮಾಡೋಣ ಅಂತ ಮಾಡಿದ್ದು ಮಾಮ. ಹುಡುಗ್ರು ನೋಡಿದ್ರೆ 'ದೊಡ್ಡಣ್ಣ ಸೂಪರ್, ಕೋಟು ಎಲ್ಲಿ ಸಿಗತ್ತೆ' ಅಂತ ಬರೀತಾರೆ. ಯಾರಿಗೂ ಮುಟ್ಟಿಲ್ಲ. ಭಾನುವಾರ ತೆಗೆದುಹಾಕ್ತೀನಿ. ಇನ್ಮೇಲೆ ಇಂಥದ್ದು ಮಾಡೋದೂ ಇಲ್ಲ."

ಮಾಮ ಕತ್ತರಿ ಕೆಳಗಿಟ್ಟ. "ಅಷ್ಟು ಬೇಗ ಕೈಚೆಲ್ಲಬೇಡ. ನೀನು ಅಂಗಡಿ ವಿಳಾಸ ಕೊಟ್ಟ ಮೇಲೆ ಕೋಟು ಕೇಳ್ಕೊಂಡು ಅವರೆಲ್ಲಾ ಇಲ್ಲಿಗೇ ತಾನೇ ಬರ್ತಿರೋದು? ಭಾನುವಾರದವರೆಗೆ ನಾನೇ ವಿಚಾರಿಸಿ ನೋಡ್ತೀನಿ."

ಎದೆಗೆ ಟೇಪು ಸುತ್ತಿದಾಗ ಮನುಷ್ಯ ಸುಳ್ಳು ಹೇಳುವುದಿಲ್ಲ ಎಂಬುದು ಅವನ ಅನುಭವ. ಉಸಿರು ಬಿಗಿಹಿಡಿದವನಿಗೆ ಕಥೆ ಕಟ್ಟಲು ಗಾಳಿ ಎಲ್ಲಿಂದ ಬರಬೇಕು? ಹಾಗಾಗಿ ಸೋಮವಾರದಿಂದ ಪ್ರತಿ ಎದೆಯಳತೆಗೂ ಒಂದು ಪ್ರಶ್ನೆ ಕೇಳತೊಡಗಿದ: "ಆ ದೊಡ್ಡಣ್ಣ ಗೇಲಿ ಅಂತ ಗೊತ್ತಾಯ್ತಾ?"

ಮೊದಲು ಬಂದ ಕಾಲೇಜು ಹುಡುಗ, "ಗೇಲಿನಾ? ಅದೆಲ್ಲಾ ಗೊತ್ತಿಲ್ಲ ಅಂಕಲ್, ಕೋಟು ಸಖತ್ತಾಗಿದೆ" ಎಂದ. ಮಾರನೇ ದಿನ ಬಂದವನು ಮಾಮನನ್ನೇ ಪೆದ್ದನೆಂಬಂತೆ ನೋಡಿ, "ಗೇಲಿ ಅಂತ ಯಾರಿಗೆ ಗೊತ್ತಾಗಲ್ಲ? ಆದ್ರೆ ಕೋಟೂ ಚೆನ್ನಾಗಿದೆಯಲ್ಲ, ಎರಡೂ ಒಟ್ಟಿಗೆ ಇರಬಾರದಾ?" ಎಂದು ಕೇಳಿದ. ಇದೊಳ್ಳೆ ಮಾತಾಯಿತಲ್ಲ ಎಂದು ಮಾಮ ತಲೆ ಕೆರೆದುಕೊಂಡ. ಇನ್ನೊಬ್ಬ, "ಅದು ನಮ್ಮ ಚಿಕ್ಕಪ್ಪನ್ನ ನೋಡೇ ಮಾಡಿದ್ದು, ಆಣೆ ಹಾಕ್ತೀನಿ" ಎಂದ. ಆ ಚಿಕ್ಕಪ್ಪ ಗುರುವಾರ ತಾನೇ ಬಂದು, ಅದು ತನ್ನ ಆಫೀಸಿನ ಮೇಲಧಿಕಾರಿಯ ಪಡಿಯಚ್ಚು ಎಂದು ಎದೆ ತಟ್ಟಿ ಹೇಳಿ, ತನಗೂ ಒಂದು ಹೊಲಿಯಲು ಹೇಳಿ ಹೋದ. ಎಲ್ಲರಿಗೂ ಎಡ ಹೆಗಲು ಎತ್ತರವೇ ಬೇಕು, ವಿಡಿಯೋದಲ್ಲಿ ಇದ್ದ ಹಾಗೆ.

ಮಾಮನಿಗೆ ಇದು ಒಗಟಿಗಿಂತ ರುಚಿಯಾಗಿತ್ತು. ಎಲ್ಲರಿಗೂ ದೊಡ್ಡಣ್ಣ ಗೊತ್ತು, ಆದರೆ ಎಲ್ಲರ ದೊಡ್ಡಣ್ಣನೂ ಪಕ್ಕದ ಮನೆಯಲ್ಲೇ ಇದ್ದಾನೆ. 'ತಮ್ಮ ಬೆನ್ನು ತಮಗೆ ಕಾಣಿಸದ ಜನ' ಎಂದು ಒಬ್ಬನೇ ನಗುತ್ತಾ ಗುಂಡಿ ಹೊಲಿದ.

ಶುಕ್ರವಾರ ಮಧ್ಯಾಹ್ನ ಬೆನ್ನಿಗೆ ಡ್ರಮ್ಮು ಕಟ್ಟಿಕೊಂಡ ಒಬ್ಬ ಹುಡುಗಿ ಒಳಗೆ ಬಂದಳು. ಹದಿನಾರು ದಾಟಿರಲಾರದು. ಮಾಮನ ಕೈ ಫೋನಿಗೆ ಹೋಯಿತು. "ಹೇಳಿ ಸಾರ್... ಮುಂದಿನ ವಾರ ಗ್ಯಾರಂಟಿ ಸಾರ್... ನೀವೇ ಫೋನ್ ಮಾಡ್ಬೇಕಾ, ಆಳು ಕಳಿಸಿದ್ರೆ ಸಾಕಿತ್ತು..."

"ಅಂಕಲ್, ನನ್ನ ಮೊಬೈಲ್ ಸತ್ತೋಗಿದೆ, ಇಲ್ಲಿ ಚಾರ್ಜಿಗೆ ಹಾಕ್ಲಾ?" ಎನ್ನುತ್ತಲೇ ಅವಳು ಪ್ಲಗ್ ಹುಡುಕುತ್ತಾ ಮೇಜಿನ ಕೆಳಗೆ ನುಸುಳಿದಳು.

ಮಾಮ ಇನ್ನೂ 'ಸಾರ್' ಜೊತೆ ಮಾತಾಡುತ್ತಲೇ ಇದ್ದ. ಕೆಳಗಿನಿಂದ ಕಿಸಕ್ಕೆಂದು ನಗು. ಹುಡುಗಿ ಹೊರಬಂದಳು, ಕೈಯಲ್ಲಿ ಫೋನಿನ ತಂತಿಯ ತುದಿ, ಅದಕ್ಕೆ ಹದಿನಾಲ್ಕು ವರ್ಷದ ಧೂಳು, ಒಂದಿಷ್ಟು ದಾರ.

"ಅಂಕಲ್! ದೊಡ್ಡಣ್ಣ ನೀವೇನಾ?"

ಅವಳ ದನಿಯಲ್ಲಿ ಕೊಂಕಿರಲಿಲ್ಲ. ದೊಡ್ಡ ನಟನನ್ನು ಬೀದಿಯಲ್ಲಿ ಕಂಡವಳ ಹಿಗ್ಗಿತ್ತು. "ಆ ಹೆಗಲೂ ನಿಮ್ದೇ, ಇಳಿದಿದೆ ಅಂತ ಅಲ್ಲಿ ಎತ್ತರ ಮಾಡಿದ್ದು! ಕೋಟು ನಿಮ್ಮ ಅಳತೆದು ಅಲ್ವಾ? ಬರ್ತಾನೇ ನಿಮ್ಮನ್ನ ಎಲ್ಲೋ ನೋಡಿದ್ದೀನಲ್ಲಾ ಅನ್ಕೊಂಡೆ."

ಮಾಮ ಇಂಗು ತಿಂದ ಮಂಗನಂತೆ ನಿಂತ. ಗೋಡೆಗೆ ಆನಿಸಿದ ಉದ್ದ ಕನ್ನಡಿಯಲ್ಲಿ ರಿಸೀವರ್ ಕಿವಿಗೆ ಒತ್ತಿಕೊಂಡ ಒಬ್ಬ ಮನುಷ್ಯನಿದ್ದ. ಪ್ಯಾಡಿಲ್ಲದ ಅಂಗಿಯಲ್ಲಿ ಅವನ ಎಡ ಹೆಗಲು ಇಳಿದಿತ್ತು. ಅವನು ರಿಸೀವರ್ ಇಟ್ಟು ಹುಡುಗಿಯ ಅಳತೆ ತೆಗೆದುಕೊಂಡ. ಪ್ರಶ್ನೆ ಕೇಳಲಿಲ್ಲ.

ಅವಳು ಹೋದ ಮೇಲೆ ಬಾಗಿಲು ಅರ್ಧ ಮುಚ್ಚಿ, ಮಂಡಿಯೂರಿ ತಾನೇ ಮೇಜಿನ ಕೆಳಗೆ ಇಣುಕಿದ. ಅಲ್ಲಿ ಪುಟ್ಟ ಮಗುವೊಂದು ಕೂರುವಷ್ಟು ಜಾಗ. ಅಲ್ಲಿ ಕೂತರೆ ಕಣ್ಣಿಗೆ ನೇರವಾಗಿ ಕಾಣುವುದು ಒಂದೇ: ಯಾವುದಕ್ಕೂ ಸೇರದೆ ನೇತಾಡುವ ತಂತಿ. ಮೇಜಿನ ಕಾಲಿನ ಮೇಲೆ ಪೆನ್ಸಿಲಿನಲ್ಲಿ ಬರೆದ ಮಗ್ಗಿ ಇನ್ನೂ ಅಳಿಸಿರಲಿಲ್ಲ.

ಮೊದಲು ಸಿಟ್ಟು ಬಂತು. ಅನ್ನ ಹಾಕಿದ ಮಾಮನನ್ನೇ ಪುಟ್ಟಿ ಊರ ಮುಂದೆ ಕುಣಿಸಿಬಿಟ್ಟಳಲ್ಲ! ಆಮೇಲೆ ನಾಚಿಕೆ. ಶನಿವಾರವಿಡೀ ಅವನು ಗಿರಾಕಿಗಳಿಗೆ ಬರೀ "ಬನ್ನಿ" ಎಂದ. ಕೈ ಮಾತ್ರ ಪ್ರತಿ ಸಲವೂ ಅರ್ಧದವರೆಗೆ ಹೋಗಿ ವಾಪಸ್ಸು ಬಂತು. ಸಂಜೆಯ ಹೊತ್ತಿಗೆ ಇನ್ನೊಂದು ಯೋಚನೆ ಬಂದು ಕೂತಿತು. ಎಂಟು ವರ್ಷದ ಮಗು ಆ ತಂತಿ ನೋಡಿತ್ತು. ತಲೆಯ ಮೇಲೆ ಮಾಮ 'ಸಾರ್' ಜೊತೆ ಮಾತಾಡುವುದನ್ನು ಕೇಳುತ್ತಾ, ಒಂದು ದಿನವೂ ನಗದೆ, ಅಮ್ಮನಿಗೂ ಹೇಳದೆ, ಮಗ್ಗಿ ಬರೆದುಕೊಂಡು ಕೂತಿತ್ತು.

ಭಾನುವಾರ ಬೆಳಿಗ್ಗೆ ಪುಟ್ಟಿ ಮೊಬೈಲ್ ಕೈಯಲ್ಲಿ ಹಿಡಿದೇ ಬಂದಳು. "ಏನಾಯ್ತು ಮಾಮ? ಒಬ್ಬರಿಗಾದ್ರೂ ಮುಟ್ತಾ? ತೆಗೆದುಬಿಡ್ಲಾ?"

"ಒಂದು ಕೇಳ್ತೀನಿ, ನಿಜ ಹೇಳು. ತೆಗೀತೀನಿ ಅಂದಿದ್ದು ಹುಡುಗರಿಗೆ ತಿಳೀಲಿಲ್ಲ ಅಂತಾನಾ, ನನಗೆ ತಿಳಿದುಬಿಡುತ್ತೆ ಅಂತಾನಾ?"

ಅವಳ ಮುಖ ಬಿಳುಪೇರಿತು. "ಅರ್ಧ ಅದು, ಅರ್ಧ ಇದು" ಎಂದಳು ಕೊನೆಗೆ. "ನೀನು ನೋಡಿದ ಕೂಡಲೇ ಬೈತೀಯ ಅನ್ಕೊಂಡಿದ್ದೆ. ನೀನು ಹಾಗೆ ಬಿದ್ದು ಬಿದ್ದು ನಕ್ಕಾಗ ನಂಗೆ ಅಳು ಬಂತು ಮಾಮ."

ಮಾಮ ಮೇಜಿನ ಮೂಲೆಗೆ ಹೋಗಿ ರಿಸೀವರ್ ಎತ್ತಿದ. ಇನ್ನೊಂದು ಕೈಯಲ್ಲಿ ಬೋಳು ತಂತಿಯ ತುದಿಯನ್ನು ಅವಳಿಗೆ ಕಾಣುವಂತೆ ಮೇಲೆ ಹಿಡಿದ.

"ಹಲೋ, ಗುಂಡುಸೂಜಿ ಅವರಾ? ಟೈಲರ್ ಮಾತಾಡ್ತಿರೋದು. ವಿಚಾರಿಸಿದೆ ಮೇಡಂ. ಚಿಕ್ಕವರಿಗೆ ಚೆನ್ನಾಗಿ ಮುಟ್ಟಿದೆ, ಏನೂ ತೊಂದರೆಯಿಲ್ಲ. ವಯಸ್ಸಾದವರೊಬ್ಬರಿಗೆ ಮುಟ್ಟೋದು ಮಾತ್ರ ಸ್ವಲ್ಪ ತಡ ಆಯ್ತು. ದಯವಿಟ್ಟು ತೆಗೀಬೇಡಿ."

ಪುಟ್ಟಿ ಬಾಯಿಗೆ ಕೈ ಅಡ್ಡ ಹಿಡಿದಳು. ನಗುತ್ತಿದ್ದಳೋ ಅಳುತ್ತಿದ್ದಳೋ ಅವನಿಗೆ ತಿಳಿಯಲಿಲ್ಲ. ಆಮೇಲೆ ಅವಳು ಮೆಲ್ಲಗೆ ಬಗ್ಗಿ, ಮೇಜಿನ ಕೆಳಗೆ ತನ್ನ ಹಳೇ ಜಾಗಕ್ಕೆ ನುಸುಳಿ, ಮಂಡಿ ಮಡಿಚಿ ಕೂತಳು.

"ಹಲೋ" ಎಂದಳು ಅಲ್ಲಿಂದ. "ಹೇಳಿ ಸಾರ್, ಕೇಳಿಸ್ತಿದೆ."