ಮೇಷ್ಟ್ರ ಐದು ಗೆಲುವು

ಇದು ನಡೆದದ್ದೇ, ನಂಬದವರು ಇಲಿಗಳನ್ನೇ ಕೇಳಬಹುದು. ಆ ಪ್ರಯೋಗಾಲಯದಲ್ಲಿ ಗಂಡಿಲಿಯೊಂದರ ಪಂಜರಕ್ಕೆ ದಿನಕ್ಕೊಂದು ಪುಕ್ಕಲು ಇಲಿಯನ್ನು ಬಿಡುತ್ತಿದ್ದರು. ಸ್ವಂತ ಮನೆಯಲ್ಲಿ ಐದು ಸಲ ಗೆದ್ದದ್ದು ಆಮೇಲೆ ತನ್ನ ಎರಡರಷ್ಟು ಗಾತ್ರದವನ ಮೇಲೂ ಎಗರುತ್ತಿತ್ತು. ಸೋತು ಸುಣ್ಣವಾದದ್ದು ಮೂಲೆ ಹಿಡಿಯುತ್ತಿತ್ತು.

ಇದನ್ನೆಲ್ಲ ಬರೆದಿಡುತ್ತಿದ್ದ ಮೇಷ್ಟ್ರು ಮೂಲೆ ಹಿಡಿದ ಜಾತಿ. ಸಭೆಯಲ್ಲಿ ಅವರು ಬಾಯಿ ತೆರೆಯುತ್ತಿದ್ದುದು ಆಕಳಿಸಲು, ಅದೂ ಕೈ ಅಡ್ಡ ಹಿಡಿದು. ಪಕ್ಕದ ವಿಭಾಗದ ಮುಖ್ಯಸ್ಥ, ಎಲ್ಲರ ಬಾಯಲ್ಲಿ 'ಗುಡುಗಪ್ಪ', ತನ್ನ ಮುರುಕು ಕುರ್ಚಿಗಳಿಗೆ ಇಲಿಕೋಣೆಯೇ ಬೇಕೆಂದು ಪಟ್ಟು ಹಿಡಿದಿದ್ದ. ಮುಂದಿನ ಸೋಮವಾರದ ಸಭೆಯಲ್ಲಿ ತೀರ್ಮಾನ. ಕೋಣೆ ಹೋದರೆ ಮೇಷ್ಟ್ರ ಸಂಶೋಧನಾ ವಿದ್ಯಾರ್ಥಿನಿಯ ನಾಲ್ಕು ವರ್ಷದ ಇಲಿಗಳೂ, ಅವುಗಳ ಬಾಲ ಹಿಡಿದು ಬರಬೇಕಿದ್ದ ಡಾಕ್ಟರೇಟೂ ಹೋದಂತೆ.

ಮೇಷ್ಟ್ರೂ ಗಂಡೇ, ಅವರಿಗೂ ಒಂದು ಕೊಠಡಿ ಇದೆ ಎಂದು ಅವಳಿಗೆ ಹೊಳೆಯಿತು.

ಮಂಗಳವಾರ ಕಾವಲುಗಾರ ಕೊಠಡಿಗೇ ಬಂದು, ಸ್ಕೂಟರ್ ನಿಲ್ಲಿಸಿದ್ದು ಸರಿಯಿಲ್ಲವೆಂದು ತಕರಾರು ತೆಗೆದು, ಮೇಷ್ಟ್ರು ಕೆಮ್ಮಿದ ಕೂಡಲೇ ಕ್ಷಮೆ ಕೇಳಿದ. ಬುಧವಾರ ಗ್ರಂಥಪಾಲಕಿ ಸೋತಳು, ಗುರುವಾರ ಗುಮಾಸ್ತ, ಶುಕ್ರವಾರ ಎಲೆಕ್ಟ್ರಿಷಿಯನ್. ಸೋಲುವುದನ್ನು ಅವಳೇ ಅಭಿನಯಿಸಿ ಕಲಿಸಿದ್ದಳು: ತಲೆ ತಗ್ಗಿಸಿ, ಎರಡು ಹೆಜ್ಜೆ ಹಿಂದೆ, ಕೊನೆಗೊಂದು ಕೀಚಲು ದನಿ. ಗ್ರಂಥಪಾಲಕಿ ಕೀಚಿದ್ದು ಸ್ವಲ್ಪ ಜಾಸ್ತಿಯೇ ಆಯಿತು. ಶನಿವಾರ ಊಟದ ಡಬ್ಬಿ ತಂದ ಮೇಷ್ಟ್ರ ಹೆಂಡತಿ ಉಪ್ಪಿನ ವಿಷಯದಲ್ಲಿ ಸೋತುಕೊಟ್ಟರು, ಮೂವತ್ತು ವರ್ಷದಲ್ಲಿ ಮೊದಲ ಸಲ.

ಸಭಾಕೋಣೆಯ ಫ್ಯಾನು ಕೆಟ್ಟಿದೆಯೆಂದು ಎಲೆಕ್ಟ್ರಿಷಿಯನ್ ಬರೆದುಕೊಟ್ಟದ್ದರಿಂದ ಸೋಮವಾರದ ಸಭೆ ಮೇಷ್ಟ್ರ ಕೊಠಡಿಗೇ ಬಂತು. ಗುಡುಗಪ್ಪ 'ಕುರ್ಚಿ' ಅನ್ನುವಷ್ಟರಲ್ಲಿ ಮೇಷ್ಟ್ರು ಎದ್ದರು, ಮೀಸೆ ಅದುರಿತು. ಹತ್ತೇ ನಿಮಿಷದಲ್ಲಿ ಗುಡುಗಪ್ಪ ಬೀರುವಿಗೆ ಬೆನ್ನು ಹಚ್ಚಿ ನಿಂತಿದ್ದ. ಕೋಣೆ ಇಲಿಗಳಿಗೇ ಉಳಿಯಿತು.

ಗೆದ್ದ ಬಿಸಿ ಮಾತ್ರ ಆರಲಿಲ್ಲ. ಎಲ್ಲರೂ ಹೋದ ಮೇಲೆ ಮೇಷ್ಟ್ರು ಅವಳತ್ತ ತಿರುಗಿದರು.

"ನಿನ್ನ ಮೂರನೇ ಅಧ್ಯಾಯ ಹರಿದು ಹಾಕು. ಇನ್ನೊಂದು ವರ್ಷ ಕೂತು ಬರಿ."

ನಾಲ್ಕು ವರ್ಷದಲ್ಲಿ ಒಂದು ಅಲ್ಪವಿರಾಮವನ್ನೂ ತಿದ್ದದ ಮನುಷ್ಯ! ಅವಳು ಕಾವಲುಗಾರನಿಂದ ಹಿಡಿದು ಉಪ್ಪಿನವರೆಗೆ ಒಂದೇ ಉಸಿರಿಗೆ ಒಪ್ಪಿಕೊಂಡಳು. ಸೋತುಕೊಟ್ಟ ಸಿಬ್ಬಂದಿ ನಾಲ್ವರೂ ಬಾಗಿಲಾಚೆ ಕಿವಿಗೊಟ್ಟಿದ್ದರು.

"ನಮ್ಮ ಮನೆಯವಳೂ ಸೇರಿದ್ಲಾ?"

"ಉಪ್ಪು ಅವರದೇ ಐಡಿಯಾ, ಸರ್."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ಒಂದೇ ಇಲಿ ನೋಡಿ ತೀರ್ಮಾನಕ್ಕೆ ಬಂದ್ಯೇನಮ್ಮಾ? ಮೂರನೇ ಅಧ್ಯಾಯದಲ್ಲೂ ಇದೇ ತಪ್ಪು ಮಾಡಿದೀಯ. ವರ್ಷ ಬೇಡ, ಒಂದು ತಿಂಗಳಲ್ಲಿ ತಿದ್ದು."

ಬಾಗಿಲಾಚೆ ಯಾರೋ ಕಿಸಕ್ಕೆಂದರು. ಮೇಷ್ಟ್ರು ಹೊಟ್ಟೆ ಹಿಡಿದು ನಗತೊಡಗಿದರು. ಆ ಅಬ್ಬರದಲ್ಲಿ ಉಳಿದವರ ನಗು ಯಾರಿಗೂ ಕೇಳಿಸಲಿಲ್ಲ.