ಎಡಸುರುಳಿ

ಅವಳು ಬರುವ ಹೊತ್ತಿಗೆ ಅವಳ ಕೋಣೆಯ ಬಾಗಿಲು ಹಾರುಹೊಡೆದಿತ್ತು. ಒಳಗೆ ಬಡಗಿಯೊಬ್ಬ ಗಾಜಿನ ತೊಟ್ಟಿಗಳ ಮೇಲಿಂದ ಅಳತೆ ಟೇಪು ಎಳೆದು, ಅದರ ತುದಿಯನ್ನು ಕಿಟಕಿಯ ಚೌಕಟ್ಟಿಗೆ ಒತ್ತಿ ಹಿಡಿದಿದ್ದ. ಕಿವಿಗೆ ಪೆನ್ಸಿಲು, ನೆಲದ ಮೇಲೆ ಸೀಮೆಸುಣ್ಣದ ಗೆರೆಗಳು.

"ಯಾರಪ್ಪ ನೀನು? ಇಲ್ಲೇನು ಮಾಡ್ತಾ ಇದ್ದೀಯ?"

"ಅಳತೆ ತಗೋತಾ ಇದ್ದೀನಿ ಮೇಡಂ. ಈ ಗೋಡೆಗೆ ಪೂರ್ತಿ ಹಲಗೆ ಬರತ್ತೆ, ಅದರ ಮೇಲೆ ಗಾಜು. ಆ ಕಡೆ ಸೋಫಾ ಅಂತೆ."

"ಯಾರು ಹೇಳಿದ್ದು?"

"ತತ್ವಶಾಸ್ತ್ರದ ಸಾರು. ನಿನ್ನೆ ಅವರೇ ಬೀಗ ತೆಗೆದು ತೋರಿಸಿ ಹೋದ್ರಲ್ಲ. ಈ ನೀರಿನ ಡಬ್ಬಗಳೆಲ್ಲ ಹೋಗತ್ತೆ ಅಂದ್ರು."

ತತ್ವಶಾಸ್ತ್ರದ ಸಾರು ಎಂದರೆ ಅವಳ ಗಂಡ. ನಿನ್ನೆ ಅವಳು ಹೊಳೆಯಲ್ಲಿ ಮೊಣಕಾಲುದ್ದ ನೀರಿಗಿಳಿದು ಹುಳು ಆರಿಸುತ್ತಿದ್ದಾಗ, ಮನೆಯ ಗೊಂಚಲಿನಲ್ಲಿದ್ದ ಕೀಲಿ ತಂದು ಅವನು ಅವಳ ಕೋಣೆಯ ಬೀಗ ತೆಗೆದಿದ್ದ. ಸಂಜೆ ಎದುರಿಗೆ ಕೂತು ಉಂಡವನು, ಉಪ್ಪು ಸ್ವಲ್ಪ ಕಡಿಮೆ ಎಂದಷ್ಟೇ ಹೇಳಿ ಎದ್ದಿದ್ದ.

ವಿಶ್ವವಿದ್ಯಾಲಯದಲ್ಲಿ ಅವಳಿಗೆ ಬಸವನಹುಳದ ಮೇಡಂ ಎಂದೇ ಹೆಸರು. ಹುಡುಗರು ಹಿಂದಿನಿಂದ ಕರೆಯುತ್ತಿದ್ದುದು ಬರಬರುತ್ತ ಎದುರಿಗೇ ರೂಢಿಯಾಗಿತ್ತು; ಅವಳಿಗೂ ಅದರ ಬಗ್ಗೆ ಬೇಸರವಿರಲಿಲ್ಲ. ನೀರಿನ ಬಸವನಹುಳುಗಳಲ್ಲಿ ಹೆಚ್ಚಿನವುಗಳ ಚಿಪ್ಪು ಬಲಕ್ಕೆ ಸುತ್ತುತ್ತದೆ. ಎಲ್ಲೋ ಅಪರೂಪಕ್ಕೊಂದು ಎಡಕ್ಕೆ ಸುತ್ತಿರುತ್ತದೆ. ಯಾಕೆ ಹಾಗೆ ಎಂಬುದರ ಬೆನ್ನು ಹತ್ತಿ ಅವಳು ಹತ್ತು ವರ್ಷಗಳಿಂದ ಎಡಸುರುಳಿಯ ಹುಳುಗಳನ್ನು ಪೀಳಿಗೆಯ ಮೇಲೆ ಪೀಳಿಗೆಯಾಗಿ ಸಾಕಿಕೊಂಡು ಬಂದಿದ್ದಳು. ಯಾವುದರ ತಾಯಿ ಯಾವುದು, ಅಜ್ಜಿ ಯಾವುದು ಎಂಬುದು ಅವಳ ನಾಲಿಗೆಯ ತುದಿಯಲ್ಲಿತ್ತು. ಇದರಿಂದ ಏನು ಉಪಯೋಗ ಎಂದು ಕೇಳಿದವರಿಗೆ ಮೊದಮೊದಲು ಸಮಾಧಾನದಿಂದ ವಿವರಿಸುತ್ತಿದ್ದಳು. ಈಚೆಗೆ, "ನಿಮ್ಮಿಂದೇನು ಉಪಯೋಗವೋ ಅದೇ" ಎಂದುಬಿಡುತ್ತಿದ್ದಳು.

ಹೊಸ ಕುಲಪತಿ ಬಂದ ಮೇಲೆ 'ಆಸಕ್ತಿ ಭವನ' ಎಂಬ ಯೋಜನೆ ಹುಟ್ಟಿತ್ತು. ಕಲೆ, ವಿಜ್ಞಾನ ಎರಡೂ ಕಡೆಯ ಅಧ್ಯಾಪಕರು ಏನೇನು ಸಂಶೋಧನೆ ಮಾಡುತ್ತಾರೆ ಎಂಬುದು ಬಂದವರಿಗೆಲ್ಲ ಒಂದೇ ಕಡೆ ಕಾಣಬೇಕಂತೆ. ಛಂದಸ್ಸಿನಿಂದ ಹಿಡಿದು ನಕ್ಷತ್ರದ ಧೂಳಿನವರೆಗೆ ಒಬ್ಬೊಬ್ಬರದೂ ಒಂದೊಂದು ಗಾಜಿನ ಫಲಕ, ಹಿಂದಿನಿಂದ ದೀಪ. ಸಮಿತಿಗೆ ಅವಳ ಗಂಡನೇ ಅಧ್ಯಕ್ಷ. ಭವನ ಎಲ್ಲಿ ಬರುತ್ತದೆ ಎಂದು ಅವಳು ಕೇಳಿರಲಿಲ್ಲ. ಅವನೂ ಹೇಳಿರಲಿಲ್ಲ.

ಬಡಗಿಯನ್ನು ಹೊರಗೆ ಕಳಿಸಿ, ಬೀಗ ಜಡಿದು, ಕಾಲಿನಲ್ಲಿ ನಿನ್ನೆಯ ಹೊಳೆಯ ಕೆಸರಿನ ಬೂಟು ಹಾಗೇ ಇರಲು ಅವಳು ಕಲಾ ವಿಭಾಗದ ಮೆಟ್ಟಿಲು ಹತ್ತಿದಳು. ಗಂಡ ಪಾಠ ಮುಗಿಸಿ ಆಗಷ್ಟೇ ಹೊರಬರುತ್ತಿದ್ದ. ನ್ಯಾಯ ಮತ್ತು ಒಪ್ಪಿಗೆ ಎಂಬುದು ಅವನ ಸಂಶೋಧನೆಯ ವಿಷಯ. ಅದರ ಮೇಲೆ ಎರಡು ದಪ್ಪ ಪುಸ್ತಕ ಬರೆದಿದ್ದ.

"ನನ್ನ ಕೋಣೆ ಕೊಟ್ಟುಬಿಟ್ರಾ?" ಎಂದಳು.

ಅವನು ಆಚೀಚೆ ನೋಡಿದ. "ಮನೇಲಿ ಮಾತಾಡೋಣ."

"ಮನೇಲಿ ಮಾತಾಡೋರಾಗಿದ್ರೆ ಬಡಗಿಯಿಂದ ನನಗೆ ಗೊತ್ತಾಗ್ತಿರಲಿಲ್ಲ."

"ನೋಡು, ಬೆಳಕು, ಗಾಳಿ, ಮುಖ್ಯ ಬಾಗಿಲಿಗೆ ಹತ್ತಿರ. ಎಲ್ಲರೂ ಆ ಕೋಣೆಯನ್ನೇ ತೋರಿಸಿದ್ರು. ಅಧ್ಯಕ್ಷನಾಗಿ ನಾನು ಅಡ್ಡ ಬಂದಿದ್ರೆ ಹೆಂಡತಿ ಪರ ಅಂತಿದ್ರು. ಅದಕ್ಕೇ ನಾನೇ ಮುಂದಾಗಿ ಒಪ್ಪಿದೆ. ಪಕ್ಷಪಾತ ಅಂದ್ರೆ ಏನು ಅಂತಾನೇ ಗೊತ್ತಿಲ್ಲದ ಮನುಷ್ಯ ಅಂತ ಕುಲಪತಿಗಳು ಸಭೇಲೇ ಹೇಳಿದ್ರು."

ಅಷ್ಟು ಹೇಳುವಾಗ ಅವನ ಮುಖದಲ್ಲಿ ಒಂದು ಸಣ್ಣ ಸಂತೋಷ ಮಿಂಚಿ ಹೋದದ್ದನ್ನು ಅವಳು ಕಂಡಳು. ಕೋಣೆ ಹೋದದ್ದಕ್ಕಿಂತ ಅದು ಅವಳಿಗೆ ಹೆಚ್ಚು ಉರಿಯಿತು. ಮದುವೆಯಾದಂದಿನಿಂದ ಗಂಡನಿಗೆ 'ನೀವು' ಎಂದೇ ಬಂದಿದ್ದವಳ ಬಾಯಿಂದ ಬೇರೆಯೇ ಮಾತು ಹೊರಟಿತು.

"ನಿನ್ನ ಹೆಸರು ಹೊಳೆಯೋದಕ್ಕೆ ನನ್ನ ಕೋಣೆಯೇ ಬೇಕಿತ್ತೇನೋ?"

ಪುಸ್ತಕ ಎದೆಗೊತ್ತಿಕೊಂಡು ಹೋಗುತ್ತಿದ್ದ ಇಬ್ಬರು ಹುಡುಗಿಯರು ಗಕ್ಕನೆ ನಿಂತರು. ಅವನು ಕೆಂಪಾದ. ಕೊನೆಗೆ ದನಿ ತಗ್ಗಿಸಿ, ಈಗಿಟ್ಟಿರುವ ಮೊಟ್ಟೆಗಳು ಒಡೆದು ಮರಿಗಳು ಚಿಪ್ಪು ಕಟ್ಟುವವರೆಗೆ ಕೋಣೆಯನ್ನು ಯಾರೂ ಮುಟ್ಟುವುದಿಲ್ಲ, ಇದು ತನ್ನ ಮಾತು ಎಂದ. ಅವಳು ಆ ಮಾತನ್ನು ನಂಬಿದಳು. ಬೇರೆ ದಾರಿಯೂ ಇರಲಿಲ್ಲ.

ಮನೆಯಲ್ಲಿ ಅತ್ತೆ ಎಲ್ಲ ಕೇಳಿಸಿಕೊಂಡು, ಸುಲಿಯುತ್ತಿದ್ದ ಬೆಳ್ಳುಳ್ಳಿಯನ್ನು ಪಕ್ಕಕ್ಕಿಟ್ಟರು.

"ಸಣ್ಣವನಿದ್ದಾಗಲೂ ಹಿಂಗೇ ಕಣಮ್ಮ. ತಂಗಿಯ ಗೊಂಬೆ ತಗೊಂಡು ಹೋಗಿ ಪಕ್ಕದ ಮನೆ ಮಗೂಗೆ ಕೊಟ್ಟು ಬಂದಿದ್ದ. ಬೀದಿಯೋರೆಲ್ಲ ಎಂಥ ಉದಾರಿ ಹುಡುಗ ಅಂತ ಹೊಗಳಿದ್ದೇ ಹೊಗಳಿದ್ದು. ಆ ಹುಡುಗಿ ಮೂರು ದಿನ ಅತ್ತಳು. ಅತ್ತೆ ಸೊತ್ತು ಅಳಿಯ ದಾನ ಮಾಡಿದ ಅಂತಾರಲ್ಲ, ಇವನು ಮನೆಯೋರ ಸೊತ್ತೆಲ್ಲ ದಾನ ಮಾಡೋನು."

"ನೀವಾಗ ಏನು ಮಾಡಿದ್ರಿ ಅತ್ತೆ?"

"ನಾನೂ ಹೊಗಳಿದೆ," ಎಂದು ಮುದುಕಿ ಮತ್ತೆ ಬೆಳ್ಳುಳ್ಳಿ ಕೈಗೆತ್ತಿಕೊಂಡರು.

ಮೊಟ್ಟೆಗಳಿನ್ನೂ ಒಡೆದಿರಲಿಲ್ಲ, ಅಷ್ಟರಲ್ಲಿ ಅವಳ ತಂಗಿಗೆ ಹೆರಿಗೆಯಾಯಿತು. ಕಷ್ಟದ ಹೆರಿಗೆ. ತೊಟ್ಟಿಗಳಿಗೆ ಹೊಸ ನೀರು ತುಂಬಿ, ಸೊಪ್ಪು ಹಾಕಿ, ಅವಳು ರೈಲು ಹತ್ತಿ ಹೋದಳು. ಆಸ್ಪತ್ರೆಯಿಂದ ದಿನವೂ ಗಂಡನಿಗೆ ಫೋನು ಮಾಡುತ್ತಿದ್ದಳು. ಬಾಣಂತಿ ಹೇಗಿದ್ದಾಳೆ, ಮಗು ಹಾಲು ಕುಡಿಯುತ್ತಿದೆಯೇ ಎಂದು ಅವನು ಪ್ರೀತಿಯಿಂದಲೇ ವಿಚಾರಿಸುತ್ತಿದ್ದ. ಹುಳುಗಳು ಹೇಗಿವೆ ಎಂದರೆ, "ಅವಕ್ಕೇನಾಗತ್ತೆ" ಎನ್ನುತ್ತಿದ್ದ.

ತಿರುಗಿ ಬಂದ ದಿನ ಸ್ಟೇಷನ್ನಿನಿಂದ ಸೀದಾ ವಿಭಾಗಕ್ಕೆ ಬಂದಳು. ಮೆಟ್ಟಿಲ ಬುಡದಲ್ಲೇ ವಾಸನೆ ಹೊಡೆಯಿತು: ಹೊಸ ಬಣ್ಣದ್ದು, ಅದರಡಿ ಕೊಳೆತದ್ದು. ತೊಟ್ಟಿಗಳೆಲ್ಲ ಪಡುವಣ ಪಡಸಾಲೆಯಲ್ಲಿ ಸಾಲಾಗಿ ಕೂತಿದ್ದವು. ಮಧ್ಯಾಹ್ನದಿಂದ ಸಂಜೆವರೆಗೆ ಅಲ್ಲಿಗೆ ನೆಟ್ಟ ಬಿಸಿಲು. ನೀರು ಹಾಲಿನಂತೆ ಬೆಳ್ಳಗಾಗಿತ್ತು. ಹುಳುಗಳು ಚಿಪ್ಪಿನಿಂದ ಅರ್ಧ ಹೊರಗೆ ಜೋತು ಬಿದ್ದಿದ್ದವು. ಗಾಜಿಗೆ ಅಂಟಿದ್ದ ಮೊಟ್ಟೆಗಳ ಲೋಳೆ ಒಣಗಿ ಅಂಟಿನ ಕಲೆಯಂತೆ ಕಾಣುತ್ತಿತ್ತು. ಎಡಸುರುಳಿಯ ತೊಟ್ಟಿಯಲ್ಲಿ ಅವಳು ಕೈಯಾಡಿಸಿದಳು. ನೀರು ಸ್ನಾನದ ನೀರಿನಷ್ಟು ಬೆಚ್ಚಗಿತ್ತು. ಮುಚ್ಚಳ ಬಿದ್ದು ನೆರಳಾಗಿದ್ದ ಮೂಲೆಯಲ್ಲಿ ಮೂರು ಹುಳು ಮಾತ್ರ ಮುಟ್ಟಿದರೆ ಒಳಗೆ ಸರಿದುಕೊಂಡವು.

ಗಂಡನಿಗೆ ಫೋನು ಮಾಡಿದಳು.

"ಉದ್ಘಾಟನೆ ಅಂದುಕೊಂಡದ್ದಕ್ಕಿಂತ ಮುಂಚೆ ಬಂತು," ಎಂದ. "ಅತಿಥಿಗಳಿಗೆ ಬೇರೆ ದಿನ ಇರಲಿಲ್ಲ. ಹೇಳಿದ್ರೆ ನೀನು ಬಾಣಂತಿನ ಬಿಟ್ಟು ಓಡಿ ಬರ್ತಿದ್ದೆ. ನಿನ್ನ ತಂಗಿಗೋಸ್ಕರಾನೇ ಹೇಳಲಿಲ್ಲ."

ಅವಳು ಫೋನು ಇಟ್ಟಳು. ಬದುಕಿದ್ದ ಮೂರನ್ನು ತಣ್ಣೀರಿನ ಡಬ್ಬಿಗೆ ಹಾಕಿ ರಸಾಯನಶಾಸ್ತ್ರದ ಗೆಳತಿಯ ಕೈಗೆ ಕೊಟ್ಟಳು. ಸತ್ತದ್ದನ್ನೆಲ್ಲ ನೀರಿನ ಸಮೇತ ಬಕೆಟ್ಟಿಗೆ ಸುರಿದಳು. ಸಮಿತಿಯ ಸಭೆ ನಡೆಯುತ್ತಿತ್ತು. ಬಾಗಿಲು ತಳ್ಳಿ ಒಳಗೆ ಹೋಗಿ, ಬಿಸ್ಕತ್ತಿನ ತಟ್ಟೆ ಸರಿಸಿ, ಬಕೆಟ್ಟನ್ನು ಮೇಜಿನ ನಟ್ಟನಡುವೆ ಇಟ್ಟಳು. ಒಬ್ಬೊಬ್ಬರ ಕೈಯೂ ಮೂಗಿಗೆ ಹೋಯಿತು.

"ನಿಮ್ಮ ಗೋಡೆ ಮೇಲೆ ನನ್ನ ಫಲಕ ಇದೆಯಂತಲ್ಲ," ಎಂದಳು. "ಏನು ಬರೆದಿದ್ದೀರಿ?"

ಯಾರೋ ಮೆಲ್ಲನೆ, "ಬಸವನಹುಳುಗಳ ಆನುವಂಶಿಕತೆ," ಎಂದರು.

"ಹತ್ತು ವರ್ಷದ ಆನುವಂಶಿಕತೆ ಈ ಬಕೆಟ್ಟಲ್ಲಿದೆ. ಅದನ್ನು ತೋರಿಸೋಕೆ ಜಾಗ ಬೇಕು ಅಂತ ಅದನ್ನೇ ಕೊಂದಿದ್ದೀರಿ."

ಕುಲಪತಿ ಕರವಸ್ತ್ರದ ಹಿಂದಿನಿಂದ ನಕ್ಕರು. "ಮೇಡಂ, ಸಮಾಧಾನ. ಬಸವನಹುಳ ತಾನೆ? ನಮ್ಮ ತೋಟದಲ್ಲೇ ಬೇಕಾದಷ್ಟಿವೆ. ಮಾಲಿಗೆ ಹೇಳಿ ಆರಿಸಿ ಕೊಡಿಸ್ತೀನಿ."

ನಾಲ್ಕಾರು ಮಂದಿ ನಕ್ಕರು. ಅವಳು ಗಂಡನ ಕಡೆ ತಿರುಗಿದಳು. ಹತ್ತು ವರ್ಷ ಇದೇ ಹುಳುಗಳ ಕತೆಯನ್ನು ಊಟದ ಹೊತ್ತಲ್ಲಿ, ಹಾಸಿಗೆಯಲ್ಲಿ, ಬಸ್ಸಿನಲ್ಲಿ ಕೇಳಿದವನು ಅವನು. ಕುಲಪತಿಗೆ ಗೊತ್ತಿಲ್ಲದ್ದು ಅವನಿಗೆ ಗೊತ್ತಿತ್ತು. ಒಂದು ಮಾತು ಹೇಳಿದ್ದರೆ ಸಾಕಿತ್ತು.

ಅವನು ಗಂಟಲು ಸರಿಮಾಡಿಕೊಂಡ. "ಇದರಲ್ಲಿ ಎರಡೂ ಕಡೆಯ ನ್ಯಾಯ ಇದೆ..."

"ಬಾಯಿ ಮುಚ್ಚು," ಎಂದಳು ಅವಳು. ಕೂಗಲಿಲ್ಲ. "ನನ್ನ ಫಲಕ ತೆಗೆಯಿರಿ. ನನ್ನ ಆಸಕ್ತಿ ನಿಮ್ಮ ಗೋಡೆಗಲ್ಲ."

ಬಕೆಟ್ಟನ್ನು ಅಲ್ಲೇ ಬಿಟ್ಟು ಹೊರಟಳು.

ಇದರಿಂದ ಭವನವೇನೂ ನಿಲ್ಲಲಿಲ್ಲ. ಅತಿಥಿಗಳು ಬಂದರು, ದೀಪಗಳು ಹತ್ತಿದವು, ಫೋಟೋ ತೆಗೆದರು. ಅವಳ ಹಿಂದೆಯೇ ರಸಾಯನಶಾಸ್ತ್ರದ ಗೆಳತಿ ತನ್ನ ಫಲಕ ಕೀಳಿಸಿದಳು, ವ್ಯಾಕರಣದ ಮುದಿ ಮೇಷ್ಟರು ತಮ್ಮದನ್ನೂ ಕೀಳಿಸಿದರು. ಗೋಡೆಯ ಮೇಲೆ ಮೂರು ಖಾಲಿ ಗಾಜು, ಹಲ್ಲು ಬಿದ್ದ ಬಾಯಿಯ ಹಾಗೆ. ಬೆಂಬಲಿಸುತ್ತೇವೆ ಎಂದು ಕ್ಯಾಂಟೀನಿನಲ್ಲಿ ಕೈಹಿಡಿದು ಹೇಳಿದ ಇನ್ನೂ ಹತ್ತು ಮಂದಿ ತಮ್ಮ ತಮ್ಮ ಫಲಕದ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಬಕೆಟ್ಟಿನ ವಿಷಯಕ್ಕೆ ಕಾರಣ ಕೇಳಿ ನೋಟಿಸು ಬಂತು. ಅವಳು ಉತ್ತರ ಬರೆಯಲಿಲ್ಲ.

ಗೆಳತಿ ತನ್ನ ಪ್ರಯೋಗಾಲಯದ ಹಿಂಬದಿಯ ಅರ್ಧ ಜಾಗ ಬಿಟ್ಟುಕೊಟ್ಟಳು. "ಆಸಿಡ್ಡಿನ ಗಾಳಿ ಇತ್ತ ಬರಲ್ಲ ಕಣೇ, ನಾನೇ ಕಿಟಕಿ ಒಡೆಸಿ ದೊಡ್ಡದು ಮಾಡಿಸ್ತೀನಿ," ಎಂದಳು, ಮಾಡಿಸಿದಳು ಕೂಡ. ಅಲ್ಲಿ ಆ ಮೂರು ಹುಳುಗಳಿಂದ ಕೆಲಸ ಮತ್ತೆ ಶುರುವಾಯಿತು.

ಮನೆಯಲ್ಲಿ ಅವಳು ಅತ್ತೆಯ ಕೋಣೆಗೆ ಹಾಸಿಗೆ ಒಯ್ದಳು. ಗಂಡ ಹೆಂಡತಿಯ ನಡುವೆ ಹಾಲು ಬಂತೇ, ಕರೆಂಟು ಹೋಯಿತೇ ಎಂಬಷ್ಟೇ ಮಾತು. ಕೆಲವು ವಾರ ಕಳೆದ ಮೇಲೆ ಅವನು ಅಧ್ಯಕ್ಷಗಿರಿಗೆ ರಾಜೀನಾಮೆ ಕೊಟ್ಟ. ಅದು ಅವಳಿಗೆ ಬೇರೆಯವರಿಂದ ತಿಳಿಯಿತು. ತುಂಬಿದ ಸಭೆಯಲ್ಲಿ ಎದ್ದು ನಿಂತು, ಆತ್ಮಸಾಕ್ಷಿಯ ಬಗ್ಗೆ ಮಾತಾಡಿ, ತಪ್ಪೊಪ್ಪಿಕೊಂಡನಂತೆ. ಎಂಥ ದೊಡ್ಡ ಮನುಷ್ಯ ಎಂದು ಜನ ಎದ್ದು ಚಪ್ಪಾಳೆ ತಟ್ಟಿದರಂತೆ. ಕೇಳಿ ಅವಳಿಗೆ ಆರುತ್ತಿದ್ದ ಸಿಟ್ಟು ಮತ್ತೆ ಭುಗಿಲೆಂದಿತು. ಅತ್ತೆಗೆ ಹೇಳಿದರೆ ಅವರು ಹಣೆ ಹಣೆ ಚಚ್ಚಿಕೊಂಡರು.

ಒಂದು ಮಧ್ಯಾಹ್ನ ಅವನು ರಸಾಯನಶಾಸ್ತ್ರದ ಹಿಂಬದಿಗೆ ಬಂದ. ಅಲ್ಲಿ ಅವಳೊಬ್ಬಳೇ ಇದ್ದಳು. ಬಾಗಿಲಲ್ಲಿ ನಿಂತು ಏನೋ ಸಿದ್ಧಪಡಿಸಿಕೊಂಡು ಬಂದವನಂತೆ ಉಸಿರೆಳೆದುಕೊಂಡ.

"ಭಾಷಣ ಬೇಡ," ಎಂದಳು.

"ಇಲ್ಲ. ಆವತ್ತು ಸಭೇಲಿ ನನಗೆ ಹೆದರಿಕೆ ಆಯ್ತು. ಅಷ್ಟೇ. ಅವರೆಲ್ಲ ನನ್ನ ಏನಂದುಕೊಳ್ತಾರೋ ಅಂತ," ಎಂದ.

ಅವನ ಬಾಯಿಂದ ಬಂದ ಮೊದಲ ಸರಿಯಾದ ಮಾತು ಅದು ಎಂದು ಅವಳಿಗೆ ಅನಿಸಿತು. ಆದರೆ ಸಿಟ್ಟು ಹೋಗಲಿಲ್ಲ. ಹೋಗುತ್ತದೆಂದು ಅವಳು ಕಾದೂ ನೋಡಿದಳು. ಅದು ಎದೆಯಲ್ಲಿ ಕಲ್ಲಿನ ಹಾಗೆ ಕೂತೇ ಇತ್ತು.

"ಸಿಟ್ಟಿನ್ನೂ ಇಳಿದಿಲ್ವಾ?"

"ಇಲ್ಲ."

"ಯಾವಾಗ ಇಳಿಯತ್ತೆ?"

"ನನಗೇನು ಗೊತ್ತು? ಬಂದಿದ್ದೀಯಲ್ಲ, ಆ ತೊಟ್ಟಿಯ ನೀರು ಬದಲಾಯಿಸಬೇಕು. ಕೊಳವೆ ಹಿಡಿ."

ಅವನು ತೋಳು ಮಡಚಿ ಕೊಳವೆ ಹಿಡಿದ. ಕೊಳವೆ ಜಾರಿ ನೀರು ಅವನ ಬೂಟಿನ ಮೇಲೆ ಚೆಲ್ಲಿತು.

"ಮೆಲ್ಲಗೆ," ಎಂದು ಅವಳು ಗದರಿದಳು. "ತಳದಲ್ಲಿ ಮರಿಗಳಿವೆ."