ಲಾರಿಯ ಕೆಳಗಿನ ಮನೆ

ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಹುಲಿಗೆಪ್ಪ ಇಂದಿರಾನಗರದ ಅಪಾರ್ಟ್‌ಮೆಂಟಿನ ಗೇಟಿನೆದುರು ಲಾರಿ ತಂದು ನಿಲ್ಲಿಸಿದ. ಗುರುಗ್ರಾಮದ ಯಾರದೋ ಸಂಸಾರವನ್ನು ಸೋಫಾ, ಫ್ರಿಜ್ಜು, ತೊಟ್ಟಿಲು ಸಮೇತ ಹೊತ್ತು ತಂದಿದ್ದ. ನಾಗಪುರದ ಆಚೆಯೇ ಕೂತಲ್ಲಿ ಕಾಲು ಮರಗಟ್ಟಿತ್ತು. ಹೈದರಾಬಾದ್ ದಾಟುವಾಗ ಕಣ್ಣು ಹತ್ತದಿರಲೆಂದು ಹಸಿಮೆಣಸಿನಕಾಯಿ ಕಚ್ಚಿಕೊಂಡು ಓಡಿಸಿದ್ದ. ಈ ಅವಸರವೆಲ್ಲ ಮನೆಸಾಮಾನು ಸಾಗಿಸುವ ತನ್ನ ಕಂಪನಿಗಾಗಿ ಅಲ್ಲ. ಹೊಸ ತಿಪ್ಪಸಂದ್ರದ ಬಾಡಿಗೆ ಕೋಣೆಯಲ್ಲಿ ಅವನ ಹೆಂಡತಿ ಕಾವೇರಿ ಪಾತ್ರೆಪಗಡ ಗಂಟು ಕಟ್ಟಿ ಕಾಯುತ್ತಿದ್ದಳು. ಅವತ್ತು ಮಧ್ಯಾಹ್ನದೊಳಗೆ ಕೋಣೆ ಖಾಲಿಯಾಗಬೇಕಿತ್ತು. ಬೇರೆ ಬಾಡಿಗೆಯವರು ಬರುವವರಿದ್ದರು. ಕೆ.ಆರ್. ಪುರದಲ್ಲಿ ಹೊಸ ಕೋಣೆ ಗೊತ್ತಾಗಿತ್ತು.

ತಿಂಗಳ ಕೊನೆಯ ಭಾನುವಾರ, ಊರಿಗೂರೇ ಮನೆ ಬದಲಿಸುವ ದಿನ, ಮೊದಲೇ ಒಂದು ಗಾಡಿ ಹೇಳಿಡೋಣ ಎಂದು ಕಾವೇರಿ ಅಂದಿದ್ದಳು. ಪಕ್ಕದ ಕೋಣೆಯ ಅಮೀರ್ ತನ್ನ ಗೂಡ್ಸ್ ಆಟೋ ತರುತ್ತೇನೆಂದೂ ಹೇಳಿದ್ದ. ಹುಲಿಗೆಪ್ಪ ಫೋನಿನಲ್ಲೇ ನಕ್ಕುಬಿಟ್ಟಿದ್ದ. ಲಾರಿ ಡ್ರೈವರನ ಹೆಂಡತಿ ಇನ್ನೊಬ್ಬನ ಆಟೋದಲ್ಲಿ ಮನೆ ಸಾಗಿಸುವುದೇ? ಸರಕು ಇಳಿಸಿದ ಮೇಲೆ ಖಾಲಿ ಗಾಡಿಯಲ್ಲಿ ಡ್ರೈವರುಗಳು ತಮ್ಮವರ ಮನೆ ಸಾಗಿಸಿಕೊಳ್ಳುವುದು ಈ ಕಸುಬಿನ ರೂಢಿ. ಮಾಲೀಕರೂ ಕಂಡೂ ಕಾಣದಂತೆ ಇದ್ದುಬಿಡುತ್ತಾರೆ. ಅವನು ಬೇಡವೆಂದದ್ದಕ್ಕೆ ಅಮೀರ್ ಬೇರೆ ಬಾಡಿಗೆ ಒಪ್ಪಿಕೊಂಡು ಹೊಸಕೋಟೆ ಕಡೆ ಹೊರಟುಹೋಗಿದ್ದ.

ಗೇಟಿನಲ್ಲಿ ಕಾವಲಿನ ಅಂಜನಮೂರ್ತಿ ಕೈ ಅಡ್ಡ ಹಿಡಿದ. ಭಾನುವಾರ ಇಲ್ಲಿ ಯಾರ ಸಾಮಾನೂ ಹತ್ತುವಂತಿಲ್ಲ, ಇಳಿಯುವಂತಿಲ್ಲ, ಮಲಗಿದವರಿಗೆ ಸದ್ದಾಗುತ್ತದೆ. ಹುಲಿಗೆಪ್ಪ ಕಂಪನಿಯ ಸೂಪರ್‌ವೈಸರ್ ಸೂರ್ಯನಿಗೆ ಫೋನ್ ಹಚ್ಚಿದ. ಪರ್ಮಿಷನ್ ಆಗಿದೆ ಎಂದು ದಾರಿಯುದ್ದಕ್ಕೂ ಹೇಳುತ್ತ ಬಂದವನು ಈಗ ರಾಗ ಬದಲಿಸಿದ. ಸಾಮಾನಿನ ಪಾರ್ಟಿ ರಾತ್ರಿ ವಿಮಾನದಲ್ಲಿ ಬರುತ್ತಾರೆ, ನಾಳೆ ಇಳಿಸಿದರಾಯಿತು, ಅಲ್ಲಿಯತನಕ ಗಾಡಿ ಬಿಟ್ಟು ಕದಲಬೇಡ ಎಂದ.

"ಸರ್, ಇವತ್ತು ನನ್ನ ಮನೆ ಖಾಲಿ ಮಾಡ್ಬೇಕು."

"ಅದು ನಿನ್ನ ಪರ್ಸನಲ್ಲು ಗುರು. ನನ್ನ ತಲೆಗೆ ಕಟ್ಬೇಡ."

ಮಲಗುವವರ ಮಂಚಗಳನ್ನು ನಿದ್ದೆಗೆಟ್ಟು ಹೊತ್ತು ತಂದವನು ಸ್ಟೇರಿಂಗಿಗೆ ಹಣೆಯಾನಿಸಿ ಕೂತ.

ಅವನು ಗಾಡಿ ಬಿಟ್ಟು ಬರಲಾರನೆಂದು ಫೋನಿನಲ್ಲಿ ತಿಳಿದು ಮಧ್ಯಾಹ್ನ ಕಾವೇರಿಯೇ ಬಂದಳು. ಸೊಪ್ಪು ಮಾರುವವನ ತಳ್ಳುಗಾಡಿಯಲ್ಲಿ ಇಡೀ ಮನೆಯನ್ನು ಹೇರಿಕೊಂಡು, ಜೀವನ್ ಬಿಮಾ ನಗರ ಹಾಯ್ದು ತಳ್ಳಿಕೊಂಡೇ ಬಂದಿದ್ದಳು. ಮನೆಯೊಡೆಯ ಗಂಟುಗಳನ್ನು ಓಣಿಗೆ ಹಾಕಿಸಿದ್ದ. ಕೇಳಿದ ಟೆಂಪೋಗಳೆಲ್ಲ ಯಾರದೋ ಮನೆ ಹೊತ್ತುಕೊಂಡು ಓಡುತ್ತಿದ್ದವು. ಕೆ.ಆರ್. ಪುರದವರೆಗೆ ಕೈಗಾಡಿ ತಳ್ಳುವುದು ಆಗದ ಮಾತು. ಸೊಪ್ಪಿನವನು ಸಂಜೆಯ ವ್ಯಾಪಾರಕ್ಕೆ ಗಾಡಿ ಬೇಕೆಂದು ಸಾಮಾನು ಅಲ್ಲೇ ಇಳಿಸಿಕೊಟ್ಟು ಹೋದ.

ಕಾವೇರಿ ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತ ಲಾರಿಯ ಹಿಂದೆ ಬಂದು ನಿಂತಳು.

"ಒಳಗ ಜಾಗ ಐತೇನ್ರಿ?"

"ಐತಿ."

"ನಮ್ಮ ಸಾಮಾನು ಹಿಡಿಯೂವಷ್ಟು?"

"ಬಾಗಲ ಹತ್ರ ಅಷ್ಟು ಖಾಲಿ ಐತಿ."

"ಮತ್ತ?"

ಅವನು ಬೀಗದ ಪಕ್ಕದ ಸೀಲು ತೋರಿಸಿದ. ತೆಳ್ಳನೆಯ ಒಂದು ತಂತಿ, ತುದಿಗೆ ಕೆಂಪು ಪ್ಲಾಸ್ಟಿಕ್ ಬಿಲ್ಲೆ. ಅದನ್ನು ಪಾರ್ಟಿಯ ಕಣ್ಣೆದುರೇ ಕತ್ತರಿಸಬೇಕು. ಕಾವೇರಿ ಬೆರಳಿನಿಂದ ಮುಟ್ಟಿ ನೋಡಿದಳು.

"ಹೂವಿನ ದಾರದಷ್ಟೂ ಇಲ್ಲಲ್ರಿ ಇದು."

ಅವನು ತನ್ನ ಕಂಪನಿಯ ಇನ್ನೊಬ್ಬ ಡ್ರೈವರ್ ಮುತ್ತಣ್ಣನ ಕತೆ ಹೇಳಿದ. ಒಳಗೆ ನೀರು ಸೋರುತ್ತಿದೆಯೆಂದು ಪಾರ್ಟಿಯ ಸಾಮಾನು ಉಳಿಸಲಿಕ್ಕೇ ಸೀಲು ಮುರಿದಿದ್ದ. ಕೊನೆಗೆ ಒಂದು ಮಿಕ್ಸರ್ ಕಾಣಲಿಲ್ಲ. ಕಳ್ಳತನದ ಕೇಸು ಬಿತ್ತು. ಇವತ್ತಿಗೂ ಕೋರ್ಟಿಗೆ ಅಲೆಯುತ್ತಿದ್ದಾನೆ. ಆದರೂ ಹೆಂಡತಿಯ ಮುಖ ನೋಡಲಾರದೆ ಹುಲಿಗೆಪ್ಪ ಸೂರ್ಯನನ್ನು ಇನ್ನೊಮ್ಮೆ ಕೇಳಿದ. ಸೀಲಿಗೆ ಕೈ ಹಚ್ಚಿದರೆ ಕೆಲಸ ಮರೆತುಬಿಡು ಎಂಬ ಉತ್ತರ ಬಂತು.

ಅಷ್ಟರಲ್ಲಿ ಹನಿ ಬೀಳತೊಡಗಿತು. ಕ್ಯಾಬಿನ್ನಿನಲ್ಲಿ ಅಕ್ಕಿಚೀಲ ಹಿಡಿಸಿತು, ಇನ್ನೊಂದು ಗಂಟಿಗೆ ಜಾಗ ಉಳಿಯಿತು. ಕಾವೇರಿ ಅಲ್ಲಿ ತನ್ನ ಬಟ್ಟೆಯ ಗಂಟು ಇಡಲಿಲ್ಲ. ಹೊಲಿಯಲಿಕ್ಕೆಂದು ಓಣಿಯ ಹೆಂಗಸರು ಕೊಟ್ಟಿದ್ದ ರವಿಕೆಗಳ ಗಂಟು ಇಟ್ಟಳು.

ಉಳಿದದ್ದನ್ನು ಇಬ್ಬರೂ ಲಾರಿಯ ಕೆಳಕ್ಕೆ ತಳ್ಳಿದರು. ಹಾಸಿಗೆ ಸುರುಳಿ, ಹೊಲಿಗೆ ಮಿಷನ್ನು, ಹಿಟ್ಟಿನ ಡಬ್ಬಿ, ಗೋಣಿಯಲ್ಲಿ ಸುತ್ತಿದ ದೇವರ ಪಟ. ಮೇಲೆ ಗುರುಗ್ರಾಮದ ಸೋಫಾಗಳು ದಪ್ಪ ಕಂಬಳಿ ಹೊದ್ದು ಬೆಚ್ಚಗೆ ಮಲಗಿದ್ದವು. ಕೆಳಗೆ ಕಾವೇರಿ ಗಾಲಿಗೆ ಬೆನ್ನು ಕೊಟ್ಟು ಮೊಣಕಾಲು ಮಡಚಿ ಕೂತಳು.

"ಅಡ್ವಾನ್ಸ್ ಇಲ್ಲದ ಮನಿ ಸಿಕ್ತು ನೋಡ್ರಿ," ಎಂದಳು.

ಅವನಿಗೆ ನಗು ಬರಲಿಲ್ಲ.

ಸಂಜೆಗೆ ಮಳೆ ಜೋರಾಯಿತು. ಅಂಜನಮೂರ್ತಿ ಕೊಡೆ ಹಿಡಿದು ಬಂದವನು ಬಗ್ಗಿ ಲಾರಿಯ ಕೆಳಗೆ ನೋಡಿದ, ನೋಡಬಾರದ್ದನ್ನು ನೋಡಿದವನಂತೆ ನೆಟ್ಟಗಾದ. ಅಪಾರ್ಟ್‌ಮೆಂಟಿನ ಮೇಲಿನ ಮಹಡಿಯಲ್ಲಿ ಯಾರದೋ ಮಗುವಿನ ಬರ್ತ್‌ಡೇ ಇತ್ತು.

"ಗಾಡಿ ತೆಗೀಬೇಕಂತೆ ಕಣಪ್ಪಾ. ಗೆಸ್ಟುಗಳ ಕಾರು ಬರ್ತಾವೆ. ಇಲ್ಲಾಂದ್ರೆ ಪೊಲೀಸ್ನೋರಿಗೆ ಹೇಳ್ತಾರಂತೆ."

ಈ ಸಾಮಾನು ಗೇಟಿನ ಕೋಣೆಯಲ್ಲಾದರೂ ಇಡಲು ಬಿಡಿ ಎಂದು ಹುಲಿಗೆಪ್ಪ ಕೈ ಮುಗಿದ.

"ಅಲ್ಲೂ ಕ್ಯಾಮೆರಾ ಹಾಕವ್ರೆ. ನಾನೂ ನಿನ್ನಂಗೇ ಕಣಪ್ಪಾ."

ಆಗಲೇ ಸೂರ್ಯನ ಫೋನೂ ಬಂತು: ದೂರು ಹೋಗಿದೆ, ತಕ್ಷಣ ಗಾಡಿ ತೆಗೆ. ಎಲ್ಲಿಗೆ ತೆಗೆಯಬೇಕು ಎಂದು ಕೇಳುವ ಮೊದಲೇ ಕಟ್ಟಾಯಿತು. ಮನೆ ಇಳಿಸಲಿಕ್ಕೆ ಬಾಗಿಲು ತೆರೆಯದ ಈ ಬೀದಿ, ಮನೆ ಎತ್ತಿಸಲಿಕ್ಕೆ ಮಾತ್ರ ನಿಮಿಷ ತಡೆಯುವುದಿಲ್ಲ.

ಅವನು ಕ್ಯಾಬಿನ್ ಹತ್ತಿ ಎಂಜಿನ್ ಹಚ್ಚಿದ, ಆದರೆ ಗೇರ್ ಹಾಕಲಿಲ್ಲ. ಗಾಲಿ ಒಂದು ಗೇಣು ವಾಲಿದರೆ ಹೊಲಿಗೆ ಮಿಷನ್ನು ಪುಡಿ. ಹಿಂದಿನಿಂದ ಕಾರೊಂದು ಹಾರ್ನ್ ಬಾರಿಸಿತು. ಕನ್ನಡಿಯಲ್ಲಿ ಕಾವೇರಿ ಕಂಡಳು. ಮಳೆಯಲ್ಲಿ ನಿಂತು ಸಾಮಾನನ್ನು ಗಾಲಿಯ ಜಾಡಿನಿಂದ ಒಳಕ್ಕೆ ತಳ್ಳಿದಳು, ಬಗ್ಗಿ ಎರಡೂ ಕಡೆ ನೋಡಿದಳು. ಆಮೇಲೆ, ಲೋಡಿನ ಆಳುಗಳು ಗಾಡಿ ಬಿಡಲು ಹೇಳುವಂತೆಯೇ, ಲಾರಿಯ ಮೈಗೆ ಅಂಗೈಯಿಂದ ಎರಡು ಸಲ ಬಡಿದಳು.

"ರೈಟ್. ಹೋಗ್ರಿ."

ಆ ಸದ್ದಿಗೆ ಪಳಗಿದ ಕೈ ಅವನನ್ನು ಕೇಳದೆ ಗೇರ್ ಹಾಕಿತು. ಲಾರಿ ನೇರವಾಗಿ, ನಿಧಾನವಾಗಿ ಮುಂದೆ ಸರಿಯಿತು. ಅದರ ಕೆಳಗಿದ್ದ ಮನೆಯ ಮೇಲೆ, ಹಾಸಿಗೆಯಿಂದ ಹಿಡಿದು ದೇವರ ಪಟದವರೆಗೆ, ಮಳೆ ಬೀಳತೊಡಗಿತು.